ಸಹಪ್ರಸಾರಕ್ಕೆ ಒಂದೊಂದೇ ಊರು

'ಈ ಕಾರ್ಯಕ್ರಮವನ್ನು ರಾಜ್ಯದ ಎಲ್ಲ ಆಕಾಶವಾಣಿ ಕೇಂದ್ರಗಳು ಸಹಪ್ರಸಾರ ಮಾಡುತ್ತಿವೆ.' ಭದ್ರಾವತಿ ಆಕಾಶವಾಣಿಯಲ್ಲಿ ಅರೆಕಾಲಿಕ ಉದ್ಘೋಷಕಿಯಾಗಿದ್ದ ಮೂರು ವರ್ಷಗಳಲ್ಲಿ ಈ ಸಾಲನ್ನು ಅದೆಷ್ಟು ಸಲ ಹೇಳಿದ್ದೆನೋ. ಶಿವಮೊಗ್ಗದಿಂದ ಬೆಳಗಿನ ಜಾವದ ಬಸ್ಸು ಹಿಡಿದು ಹೋಗಿ, ಡ್ಯೂಟಿ ರೂಮಿನಲ್ಲಿ ಕ್ಯೂ ಶೀಟ್ ನೋಡಿಕೊಂಡು, ಬೆಂಗಳೂರಿನ ದನಿ ಬರುತ್ತಿದೆಯಾ ಎಂದು ಹೆಡ್‌ಫೋನಿನಲ್ಲಿ ಕೇಳಿ, ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಮುಟ್ಟುತ್ತಿದ್ದ ಹಾಗೆ ಫೇಡರ್ ಏರಿಸಿದರೆ ಆಯಿತು. ಬೆಂಗಳೂರು ಹೇಳಿದ್ದನ್ನು ಧಾರವಾಡ, ಕಲಬುರಗಿ, ಮಂಗಳೂರು ಎಲ್ಲವೂ ಒಟ್ಟಿಗೆ ಹೇಳುತ್ತಿದ್ದವು. ಒಪ್ಪಿಗೆ ಕೇಳುವ ಪ್ರಶ್ನೆಯೇ ಇರಲಿಲ್ಲ. ಆದೇಶ ಬರುತ್ತಿತ್ತು, ನಾವು ಕೊಂಡಿ ಹಾಕುತ್ತಿದ್ದೆವು.

ಮದುವೆಯಾಗಿ ಅಮೆರಿಕಕ್ಕೆ ಬಂದು, ಗ್ರೀನ್ ಕಾರ್ಡ್ ಕೈಗೆ ಸಿಕ್ಕಿದ ಮೇಲೆ, 2012ರಲ್ಲಿ ಡಲ್ಲಾಸಿನ ಒಂದು ಸಣ್ಣ ರೇಡಿಯೊ ಸಿಂಡಿಕೇಷನ್ ಕಂಪನಿಗೆ ಸೇರಿದೆ. ಸಿಂಡಿಕೇಷನ್ ಎಂದರೆ ಒಂದು ಕಡೆ ಮಾಡಿದ ಕಾರ್ಯಕ್ರಮವನ್ನು ಊರೂರಿನ ಸ್ಟೇಷನ್ನುಗಳಿಗೆ ಹಂಚುವುದು. ಒಟ್ಟು ನಾಲ್ಕು ಜನ. ಲೆಕ್ಕಪರಿಶೋಧಕಿಯೊಬ್ಬರು ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಡೆಸುತ್ತಿದ್ದ ಫೋನ್-ಇನ್ ಕಾರ್ಯಕ್ರಮ ನಮ್ಮ ಸರಕು. ಮನೆಸಾಲ, ತೆರಿಗೆ, ನಿವೃತ್ತಿಯ ಹಣ, ಗಂಡ ತೀರಿಕೊಂಡ ಮೇಲೆ ಯಾವ ಕಾಗದ ಎಲ್ಲಿ ಸಲ್ಲಿಸಬೇಕು ಎಂಬಂಥ ಪ್ರಶ್ನೆಗಳಿಗೆ ಅವರು ತಾಳ್ಮೆಯಿಂದ ಉತ್ತರ ಹೇಳುತ್ತಿದ್ದರು. ಡಲ್ಲಾಸಿನ ಒಂದು ಎಎಂ ಸ್ಟೇಷನ್ನಿನಲ್ಲಿ ಅದು ನಾಲ್ಕು ವರ್ಷದಿಂದ ಚೆನ್ನಾಗಿ ನಡೆದಿತ್ತು. ಅದನ್ನು ಬೇರೆ ಊರುಗಳಿಗೆ ತಲುಪಿಸುವುದು ನನ್ನ ಕೆಲಸ. ಇಲ್ಲಿ ಆದೇಶ ಕೊಡುವವರು ಯಾರೂ ಇಲ್ಲ. ದೇಶದಲ್ಲಿ ಹತ್ತು ಸಾವಿರಕ್ಕೂ ಮೇಲೆ ವಾಣಿಜ್ಯ ಸ್ಟೇಷನ್ನುಗಳಿವೆ, ಪ್ರತಿಯೊಂದರ ಬಾಗಿಲನ್ನೂ ಬೇರೆಯಾಗಿಯೇ ತಟ್ಟಬೇಕು. ಒಂದು ಸ್ಟೇಷನ್ ನಮ್ಮ ಕಾರ್ಯಕ್ರಮಕ್ಕೆ ಸಮಯ ಕೊಟ್ಟರೆ ಅದಕ್ಕೆ ಈ ಧಂದೆಯಲ್ಲಿ 'ಕ್ಲಿಯರೆನ್ಸ್' ಅನ್ನುತ್ತಾರೆ. ನಾನು ಮನಸ್ಸಿನಲ್ಲಿ ಅದನ್ನು ಸಹಪ್ರಸಾರ ಅಂತಲೇ ಕರೆದುಕೊಂಡೆ.

ಅಮ್ಮ ಸಾಗರದಿಂದ ಭಾನುವಾರ ಫೋನ್ ಮಾಡಿದಾಗೆಲ್ಲ ಕೇಳುತ್ತಿದ್ದಳು, 'ಈ ವಾರ ಎಷ್ಟು ಊರಾಯ್ತೇ?' ಮೊದಲ ಎಷ್ಟೋ ತಿಂಗಳು ಉತ್ತರ ಒಂದೇ. ಡಲ್ಲಾಸು ಬಿಟ್ಟರೆ ಇನ್ನೊಂದಿಲ್ಲ.

ಈ ವ್ಯವಹಾರದ ಬುಡ ಅರ್ಥವಾಗಲು ನನಗೆ ನಮ್ಮ ಕಡೆಯ ಮುಯ್ಯಾಳಿನ ಪದ್ಧತಿ ನೆರವಾಯಿತು. ನೆಟ್ಟಿಯ ಸಮಯದಲ್ಲಿ ಅವರ ಗದ್ದೆಗೆ ನಾವು ಹೋಗುತ್ತೇವೆ, ನಮ್ಮ ಗದ್ದೆಗೆ ಅವರು ಬರುತ್ತಾರೆ, ದುಡ್ಡಿನ ಮಾತಿಲ್ಲ. ರೇಡಿಯೊದಲ್ಲಿ ಇದರ ಹೆಸರು ಬಾರ್ಟರ್. ನಾವು ಕಾರ್ಯಕ್ರಮವನ್ನು ಪುಕ್ಕಟೆ ಕೊಡುತ್ತೇವೆ. ಬದಲಿಗೆ ಗಂಟೆಗೆ ಐದು ನಿಮಿಷದ ಜಾಹೀರಾತು ಸಮಯ ನಮ್ಮದು, ಉಳಿದ ಜಾಹೀರಾತು ಸಮಯವನ್ನು ಸ್ಟೇಷನ್ ತನ್ನ ಊರಿನ ಟೈರು ಅಂಗಡಿಗೋ ಬ್ಯಾಂಕಿಗೋ ಮಾರಿಕೊಳ್ಳಬಹುದು. ನಮ್ಮ ಐದು ನಿಮಿಷವನ್ನು ನಾವು ದೇಶವ್ಯಾಪಿ ಜಾಹೀರಾತುದಾರರಿಗೆ ಮಾರುತ್ತೇವೆ. ಒಂದು ಊರಿನ ಐದು ನಿಮಿಷಕ್ಕೆ ಬೆಲೆಯೇ ಇಲ್ಲ. ಐವತ್ತು ಊರಿನ ಐದು ನಿಮಿಷ ಸೇರಿದರೆ ಕೊಳ್ಳುವವರು ಬರುತ್ತಾರೆ. ಹೆಸರುವಾಸಿ ಕಾರ್ಯಕ್ರಮವಾದರೆ ಸ್ಟೇಷನ್ನೇ ಮೇಲಿಷ್ಟು ಶುಲ್ಕ ಕೊಡುತ್ತದೆ. ನಮ್ಮದು ಅಂಥದ್ದಾಗಿರಲಿಲ್ಲ.

ಒಪ್ಪಿಸಬೇಕಾದದ್ದು ಪ್ರೋಗ್ರಾಂ ಡೈರೆಕ್ಟರನ್ನು. ಎಲ್ಲರೂ ಪಿಡಿ ಅನ್ನುತ್ತಾರೆ. ಸಣ್ಣ ಊರುಗಳಲ್ಲಿ ಪಿಡಿಯೇ ಬೆಳಗಿನ ಕಾರ್ಯಕ್ರಮದ ನಿರೂಪಕ, ಮಧ್ಯಾಹ್ನ ಜಾಹೀರಾತು ಓದುವವನು, ಟ್ರಾನ್ಸ್‌ಮಿಟರ್ ಕೈಕೊಟ್ಟರೆ ಟಾರ್ಚು ಹಿಡಿದು ಓಡುವವನು. ಅಂಥವರಿಗೆ ಸೋಮವಾರ ಫೋನ್ ಮಾಡಬಾರದು, ವಾರಾಂತ್ಯದ ರಾಶಿ ಕೆಲಸ ಇರುತ್ತದೆ. ಶುಕ್ರವಾರವಂತೂ ಬೇಡವೇ ಬೇಡ. ಬೆಳಗಿನ ಪಾಳಿ ಮುಗಿದು ಆತ ಕಾಫಿ ಹಿಡಿದು ಕೂರುವ ಹೊತ್ತು ಹತ್ತೂವರೆ, ಅದೂ ಆಯಾ ಊರಿನ ಗಡಿಯಾರದಲ್ಲಿ. ಹೀಗಾಗಿ ನನ್ನ ದಿನ ಪೂರ್ವದ ರಾಜ್ಯಗಳಿಂದ ಶುರುವಾಗಿ ಹೊತ್ತಿನ ಜೊತೆಗೇ ಪಶ್ಚಿಮಕ್ಕೆ ಸರಿಯುತ್ತಿತ್ತು. ಮುನ್ನೂರು ಸ್ಟೇಷನ್ನುಗಳ ಪಟ್ಟಿಯನ್ನು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಪ್ರತಿ ಹೆಸರಿನ ಎದುರಿಗೆ ಯಾವಾಗ ಮಾತಾಡಿದೆ, ಏನಂದರು, ಆತನ ಮಗಳು ಯಾವ ಕಾಲೇಜು ಸೇರಿದಳು ಎಂಬುದನ್ನೂ ಬರೆಯುತ್ತಿದ್ದೆ. ಕೊನೆಯದು ವ್ಯಾಪಾರದ ಉಪಾಯಕ್ಕೆಂದು ಬರೆದದ್ದಲ್ಲ. ಆರು ತಿಂಗಳು ಒಬ್ಬರ ಜೊತೆ ಮಾತಾಡಿದರೆ ಅವರ ಮನೆಯ ಸುದ್ದಿ ಬಂದೇ ಬರುತ್ತದೆ, ಅದನ್ನು ಮರೆಯುವುದು ನನಗೆ ಸರಿ ಕಾಣುತ್ತಿರಲಿಲ್ಲ.

ಏಳು ನಿಮಿಷದ ಡೆಮೊ ಕಳಿಸುತ್ತಿದ್ದೆ. ಕೇಳಿ ಮೆಚ್ಚಿದವರೂ ಕೊನೆಗೊಂದು ಪ್ರಶ್ನೆ ಕೇಳುತ್ತಿದ್ದರು: 'ಬೇರೆ ಎಲ್ಲೆಲ್ಲಿ ಬರುತ್ತಿದೆ?' ಎಲ್ಲಿಯೂ ಬರುತ್ತಿಲ್ಲ ಎಂದರೆ, 'ಬಂದ ಮೇಲೆ ಹೇಳಿ.' ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಅನ್ನುವ ಗಾದೆಯ ಕಷ್ಟ ನನಗೆ ಅರಿವಾದದ್ದು ಆ ದಿನಗಳಲ್ಲಿ. ಡಲ್ಲಾಸಿನ ರೇಟಿಂಗ್, ಅಂದರೆ ಕೇಳುಗರ ಲೆಕ್ಕ, ತೋರಿಸಿದರೆ, 'ಅದು ದೊಡ್ಡ ಮಾರ್ಕೆಟ್ಟು, ನಮ್ಮ ಊರೇ ಬೇರೆ' ಅನ್ನುವರು. ಮಾರ್ಕೆಟ್ ಎಂದರೆ ಸಂತೆಯಲ್ಲ. ಒಂದು ನಗರ, ಅದರ ಸುತ್ತಲ ಸೀಮೆ ಸೇರಿ ರೇಟಿಂಗ್ ಕಂಪನಿಯ ಲೆಕ್ಕದಲ್ಲಿ ಒಂದು ಮಾರ್ಕೆಟ್. ಆಗ ನ್ಯೂಯಾರ್ಕ್ ಒಂದನೆಯದು, ಲಾಸ್ ಏಂಜಲೀಸ್ ಎರಡು, ಷಿಕಾಗೊ ಮೂರು, ಡಲ್ಲಾಸ್-ಫೋರ್ಟ್ ವರ್ತ್ ಐದು. ಹೀಗೆ ಇನ್ನೂರೈವತ್ತರ ಆಚೆಗೂ ಪಟ್ಟಿ ಸಾಗುತ್ತದೆ. ನನಗೆ ಬಾಗಿಲು ತೆರೆದದ್ದು ಆ ಪಟ್ಟಿಯ ತುದಿಯಲ್ಲಿ, ಸರಿಯಾಗಿ ಹೇಳಬೇಕೆಂದರೆ ಪಟ್ಟಿಯಲ್ಲೇ ಇರದ ಒಂದು ಊರಿನಲ್ಲಿ.

2013ರ ಜೂನ್. ಒಕ್ಲಹೋಮದ ನೈರುತ್ಯ ಮೂಲೆಯ ಒಂದು ಪಿಡಿ ಫೋನಿನಲ್ಲಿ, 'ಈ ಕಡೆ ಬಂದರೆ ನೋಡೋಣ' ಎಂದಿದ್ದರು. ಬಾಯಿಮಾತಿಗೆ ಹೇಳಿದ್ದಿರಬಹುದು. ನಾನು ಮರುವಾರವೇ ಹೊರಟೆ. ಡಲ್ಲಾಸಿನಿಂದ 287ನೇ ಹೆದ್ದಾರಿ ಹಿಡಿದು ವಿಚಿಟಾ ಫಾಲ್ಸ್, ಅಲ್ಲಿಂದ ಉತ್ತರಕ್ಕೆ ತಿರುಗಿ ಕೆಂಪು ನೀರಿನ ರೆಡ್ ರಿವರ್ ದಾಟಿದರೆ ಒಕ್ಲಹೋಮ. ಗೋಧಿ ಕೊಯ್ಲಿನ ಕಾಲ. ಹೊಲದ ನಡುವೆ ಒಂದೇ ಒಂದು ಎಎಂ ಗೋಪುರ, ಅದರ ಬುಡದಲ್ಲಿ ನಮ್ಮ ಹಳ್ಳಿಯ ಸೊಸೈಟಿ ಕಟ್ಟಡದಷ್ಟು ಒಂದು ಮನೆ. ಒಳಗೆ ಹೋದಾಗ ಅರವತ್ತು ದಾಟಿದ ಆ ಹಿರಿಯರು ಮಧ್ಯಾಹ್ನದ ಧಾರಣೆ ಓದುತ್ತಿದ್ದರು. ಗೋಧಿ ಬುಶೆಲ್‌ಗೆ ಎಷ್ಟು, ಹೋರಿಕರು ಎಷ್ಟು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ. ಭದ್ರಾವತಿಯಲ್ಲಿ ನಾನೇ ಅಡಿಕೆ ಧಾರಣೆ ಓದಿದವಳು. ರಾಶಿ, ಬೆಟ್ಟೆ, ಗೊರಬಲು ಎಂದು ಓದುವಾಗ ಎಲ್ಲಿ ಉಸಿರು ಬಿಡಬೇಕು ಅಂತ ಗೊತ್ತು. ಅವರೂ ಅಲ್ಲೇ ಉಸಿರು ಬಿಡುತ್ತಿದ್ದರು.

ಓದಿ ಮುಗಿಸಿ ಅವರು ನನ್ನ ಮುಂದೆ ಒಂದು ಹಾಳೆ ಹರಡಿದರು. ಶನಿವಾರದ ಅವರ ವೇಳಾಪಟ್ಟಿ. ಬೆಳಿಗ್ಗೆ ಹತ್ತಕ್ಕೆ 'ಸ್ವಾಪ್ ಶಾಪ್'. ಊರಿನವರು ಫೋನ್ ಮಾಡಿ, ಹಳೇ ಫ್ರಿಜ್ ಮಾರುವುದಿದೆ, ಕೋಳಿಗೂಡು ಬೇಕಾಗಿದೆ, ಕಂದು ಬಣ್ಣದ ನಾಯಿ ಕಳೆದಿದೆ ಎಂದು ಹೇಳುವ ಕಾರ್ಯಕ್ರಮ. 'ಇದನ್ನು ಮುಟ್ಟಿದರೆ ಜನ ಮನೆಗೆ ಬರುತ್ತಾರೆ' ಎಂದರು. ಅಕ್ಟೋಬರಿನಲ್ಲಿ ಶಾಲೆಯ ಫುಟ್‌ಬಾಲ್, ಭಾನುವಾರ ಬೆಳಿಗ್ಗೆ ಚರ್ಚು. ನಮ್ಮ ಹತ್ತರಿಂದ ಹನ್ನೆರಡರ ನೇರ ಪ್ರಸಾರಕ್ಕೆ ಅಲ್ಲಿ ಜಾಗವಿರಲಿಲ್ಲ. ಭಾನುವಾರ ಸಂಜೆ ಐದರಿಂದ ಏಳು ಖಾಲಿ ಇತ್ತು, ಹಳೇ ಹಾಡು ಹಾಕುತ್ತಿದ್ದರು. 'ಧ್ವನಿಮುದ್ರಿಸಿ ಕಳಿಸುತ್ತೇನೆ, ಭಾನುವಾರ ಹಾಕುತ್ತೀರಾ?' ಎಂದೆ. ಅವರು ಹಾಳೆಯ ಆ ಚೌಕದೊಳಗೆ ಪೆನ್ಸಿಲಿನಲ್ಲಿ ನಮ್ಮ ಕಾರ್ಯಕ್ರಮದ ಹೆಸರು ಬರೆದರು. ಪೆನ್ನಿನಲ್ಲಿ ಬರೆಯಲಿಲ್ಲ, ಅದನ್ನೂ ಗಮನಿಸಿದೆ.

ಆ ಹಾಳೆ ನನಗೆ ಪಾಠವಾಯಿತು. ಅಲ್ಲಿಯವರೆಗೆ ಕಾರ್ಯಕ್ರಮ ಎಷ್ಟು ಚೆನ್ನಾಗಿದೆ ಅನ್ನುವುದನ್ನೇ ನಾನು ಹೇಳುತ್ತಾ ಬಂದಿದ್ದೆ. ಪಿಡಿಯ ತಲೆಯಲ್ಲಿರುವುದು ಆ ಚೌಕಗಳು. ಯಾವ ಚೌಕ ಖಾಲಿ ಇದೆ, ಯಾವುದನ್ನು ತುಂಬಲು ಆತ ಒದ್ದಾಡುತ್ತಿದ್ದಾನೆ ಎಂದು ಮೊದಲು ಕೇಳಿ ತಿಳಿದು, ಆಮೇಲೆ ನಮ್ಮದನ್ನು ಆ ಅಳತೆಗೆ ಹೊಂದಿಸಿದರೆ ಮಾತು ಮುಂದೆ ಹೋಗುತ್ತದೆ. ಅಲ್ಲಿಂದ ಮುಂದೆ ಯಾರಿಗೆ ಫೋನ್ ಮಾಡಿದರೂ, 'ನಿಮ್ಮ ವಾರಾಂತ್ಯದಲ್ಲಿ ನಿಮಗೆ ಸಮಾಧಾನ ಇಲ್ಲದ ಗಂಟೆ ಯಾವುದು?' ಎಂದೇ ಶುರು ಮಾಡುತ್ತಿದ್ದೆ. ಆ ವರ್ಷದ ಕೊನೆಗೆ ಒಂಬತ್ತು ಸ್ಟೇಷನ್, ಮುಂದಿನ ವರ್ಷದ ಕೊನೆಗೆ ಮೂವತ್ತೊಂದು.

ಆ ಹಿರಿಯರೇ ಒಂದು ದಿನ ನನಗೆ ಹಳೆಯ ಕಥೆ ಹೇಳಿದರು. ಎಪ್ಪತ್ತರ ದಶಕದ ಕೊನೆಗೆ ಸಂಗೀತದ ಕೇಳುಗರೆಲ್ಲ ಎಫ್‌ಎಂ ಕಡೆ ಹೋಗಿ ಎಎಂ ಸ್ಟೇಷನ್ನುಗಳು ಬಡವಾಗಿದ್ದವು. ಆಗಲೂ ಹಗಲು ಹೊತ್ತಿನ ಮಾತು ಆಯಾ ಊರಿನದೇ ಆಗಿರಬೇಕು, ರಾತ್ರಿಗೆ ಮಾತ್ರ ಹೊರಗಿನವರು ನಡೆಯುತ್ತಾರೆ ಎಂಬುದು ಎಲ್ಲ ಪಿಡಿಗಳ ನಂಬಿಕೆ. ಹೆಸರಾಂತ ಮಾತುಗಾರ ಲ್ಯಾರಿ ಕಿಂಗ್ 1978ರಿಂದ ಮ್ಯೂಚುವಲ್ ನೆಟ್‌ವರ್ಕಿನಲ್ಲಿ ಮಾತಾಡುತ್ತಿದ್ದದ್ದು ಮಧ್ಯರಾತ್ರಿಯ ಮೇಲೆಯೇ. 1987ರಲ್ಲಿ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯು ವಿವಾದದ ಎರಡೂ ಮಗ್ಗುಲು ಪ್ರಸಾರ ಮಾಡಲೇಬೇಕೆಂಬ 'ಫೇರ್‌ನೆಸ್' ನಿಯಮವನ್ನು ಕೈಬಿಟ್ಟಿತು. ಮರುವರ್ಷ ಆಗಸ್ಟ್ 1ರಂದು, ಎಬಿಸಿ ರೇಡಿಯೊ ನೆಟ್‌ವರ್ಕಿನ ಮಾಜಿ ಮುಖ್ಯಸ್ಥ ಎಡ್ ಮೆಕ್‌ಲಾಫ್ಲಿನ್, ಸ್ಯಾಕ್ರಮೆಂಟೊದಲ್ಲಿ ಹೆಸರು ಮಾಡಿದ್ದ ಬಲಪಂಥೀಯ ಮಾತುಗಾರ ರಶ್ ಲಿಂಬಾ ಅವರನ್ನು ನ್ಯೂಯಾರ್ಕಿಗೆ ಕರೆತಂದು 56 ಸ್ಟೇಷನ್ನುಗಳ ಮೂಲಕ ಹಾಡುಹಗಲೇ ದೇಶಕ್ಕೆ ಕೇಳಿಸಿದರು. ನ್ಯೂಯಾರ್ಕಿನ ಡಬ್ಲ್ಯೂಎಬಿಸಿ ಸ್ಟೇಷನ್ನಿಗಾಗಿ ಲಿಂಬಾ ಮೊದಮೊದಲು ಬೇರೆಯೇ ಒಂದು ಸ್ಥಳೀಯ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಮುಂದೆ ಅವರ ಕಾರ್ಯಕ್ರಮ ಆರುನೂರು ಸ್ಟೇಷನ್ನುಗಳನ್ನು ಮುಟ್ಟಿತು. ಅವರ ರಾಜಕೀಯದ ಬಗ್ಗೆ ಆ ಹಿರಿಯರೂ ನಾನೂ ಯಾವತ್ತೂ ಮಾತಾಡಲಿಲ್ಲ. 'ಬಡ ಸ್ಟೇಷನ್ನಿಗೆ ಮೂರು ಗಂಟೆ ತುಂಬಿಸಿಕೊಟ್ಟ ಮನುಷ್ಯ, ನಾಲ್ವರ ಸಂಬಳ ಉಳಿಯಿತು. ಆ ನಾಲ್ವರಲ್ಲಿ ಇಬ್ಬರು ನನ್ನ ಸ್ನೇಹಿತರಾಗಿದ್ದರು' ಎಂದಷ್ಟೇ ಹೇಳಿದರು. ಈ ಮಾತಿನ ಎರಡನೆಯ ಅರ್ಧವನ್ನು ನಾನು ಇವತ್ತಿಗೂ ಮರೆತಿಲ್ಲ. ನಮ್ಮ ಕಾರ್ಯಕ್ರಮ ಒಂದು ಊರಿಗೆ ಹೋದರೆ ಆ ಊರಿನ ಯಾರೋ ಒಬ್ಬರ ದನಿ ಎರಡು ಗಂಟೆ ಕಡಿಮೆಯಾಗುತ್ತದೆಯೇ ಎಂದು ವಿಚಾರಿಸದೆ ನಾನು ಒಪ್ಪಂದ ಕಳಿಸುತ್ತಿರಲಿಲ್ಲ. ಹಳೇ ಹಾಡಿನ ಚೌಕ, ಮರುಪ್ರಸಾರದ ಚೌಕ ಸಿಕ್ಕರೆ ಸಂತೋಷ. ಸ್ವಾಪ್ ಶಾಪನ್ನು ಎತ್ತಿ ನಮಗೆ ಕೊಡುತ್ತೇನೆಂದ ಒಂದು ಸ್ಟೇಷನ್ನಿಗೆ ಬೇಡ ಎಂದದ್ದೂ ಇದೆ. ಕಂಪನಿಯಲ್ಲಿ ಇದಕ್ಕೆ ಮುಖ ಗಂಟಿಕ್ಕಿದರು. ನಾನು ಮಾಡಿದ್ದು ಸರಿಯೆಂದೇ ಈಗಲೂ ಅನಿಸುತ್ತದೆ.

ಒಪ್ಪಿಗೆ ಸಿಕ್ಕ ಮೇಲೆ ಗಡಿಯಾರದ ಕೆಲಸ. ಪ್ರತಿ ಕಾರ್ಯಕ್ರಮಕ್ಕೂ ಒಂದು 'ಕ್ಲಾಕ್' ಇರುತ್ತದೆ. ವೃತ್ತ ಬರೆದು ಹೋಳು ಮಾಡಿದ ಚಿತ್ರ. ನಮ್ಮದರಲ್ಲಿ ಗಂಟೆಯ ಮೊದಲ ಆರು ನಿಮಿಷ ಸ್ಟೇಷನ್ನಿನ ಸುದ್ದಿಗೆ. ಆರನೇ ನಿಮಿಷಕ್ಕೆ ನಮ್ಮ ಮಾತು ಶುರು. ನಡುವಿನ ವಿರಾಮಗಳಲ್ಲಿ ನಮ್ಮ ಜಾಹೀರಾತು ಮೊದಲು, ಊರಿನದು ಆಮೇಲೆ. 58 ನಿಮಿಷ 50 ಸೆಕೆಂಡಿಗೆ ಮಾತು ನಿಲ್ಲಲೇಬೇಕು. ಉಳಿದ ಒಂದು ನಿಮಿಷ ಹತ್ತು ಸೆಕೆಂಡು ಸ್ಟೇಷನ್ನಿನದು. ಅಲ್ಲೇ ಅದು ತನ್ನ ಕರೆಹೆಸರನ್ನೂ ಅದರ ಬೆನ್ನಿಗೇ ಊರಿನ ಹೆಸರನ್ನೂ ಹೇಳಬೇಕು, ಎಫ್‌ಸಿಸಿ ನಿಯಮ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕರೆಹೆಸರು ಕೆ ಅಕ್ಷರದಿಂದ, ಪೂರ್ವಕ್ಕೆ ಡಬ್ಲ್ಯೂನಿಂದ ಶುರು. ಹಳೆಯ ಕೆಲವು ಇದಕ್ಕೆ ಹೊರತು.

ನಮ್ಮ ನಿರೂಪಕಿಗೆ ಮೊದಮೊದಲು ಈ ಸೆಕೆಂಡಿನ ಕಟ್ಟುನಿಟ್ಟು ಒಗ್ಗಲಿಲ್ಲ. ಡಲ್ಲಾಸ್ ಸ್ಟೇಷನ್ನಿನಲ್ಲಿ ಎದುರಿಗೇ ಕೂತ ತಂತ್ರಜ್ಞ ನಾಲ್ಕು ಸೆಕೆಂಡು ಹೆಚ್ಚಾದರೆ ಕಾಯುತ್ತಿದ್ದ. ಬೇರೆ ಊರಿನ ಕಂಪ್ಯೂಟರ್ ಕಾಯುವುದಿಲ್ಲ. ನೆಬ್ರಾಸ್ಕದಿಂದ ಒಬ್ಬ ಪಿಡಿ ಧ್ವನಿಮುದ್ರಣ ಕಳಿಸಿದರು. ಫೋನಿನಲ್ಲಿದ್ದ ಹೆಂಗಸು ತನ್ನ ಸಾಲದ ಕಥೆ ಹೇಳಿ ಅಳುತ್ತಿದ್ದಾಳೆ, ನಿರೂಪಕಿ 'ನೀವು ಮೊದಲು ಮಾಡಬೇಕಾದದ್ದು...' ಎನ್ನುವಷ್ಟರಲ್ಲಿ ಮಾತು ಕತ್ತರಿಸಿ ಟ್ರ್ಯಾಕ್ಟರಿನ ಜಾಹೀರಾತು ಶುರುವಾಗುತ್ತದೆ. ಅದನ್ನು ಕೇಳಿಸಿದಾಗ ನಿರೂಪಕಿ ಮುಖ ತಗ್ಗಿಸಿ ಬಹಳ ಹೊತ್ತು ಕೂತರು. ಮರುವಾರದಿಂದ ಮೈಕಿನ ಪಕ್ಕ ಒಂದು ಅಡುಗೆಮನೆಯ ಟೈಮರ್ ಬಂತು. ಐವತ್ತಾರನೇ ನಿಮಿಷದ ಆಚೆಗೆ ಅವರು ಹೊಸ ಕರೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು.

ದನಿ ತಲುಪಿಸುವುದು ಇನ್ನೊಂದು ಪಾಡು. ದೊಡ್ಡ ನೆಟ್‌ವರ್ಕುಗಳು ಉಪಗ್ರಹದ ಮೂಲಕ ಕಳಿಸುತ್ತವೆ, ಸ್ಟೇಷನ್ನಿನಲ್ಲಿ ಅದಕ್ಕೊಂದು ರಿಸೀವರ್ ಪೆಟ್ಟಿಗೆ. ವಿರಾಮ ಬಂದಾಗ ಆ ಪೆಟ್ಟಿಗೆಗೆ ಸಂಜ್ಞೆ ಹೋಗಿ ಊರಿನ ಜಾಹೀರಾತು ತಾನಾಗಿ ಶುರುವಾಗುತ್ತದೆ. ಮಾರ್ಚ್‌ನಲ್ಲೂ ಅಕ್ಟೋಬರ್ ಸುಮಾರಿಗೂ ಕೆಲವು ದಿನ ಸೂರ್ಯ ನೇರ ಉಪಗ್ರಹದ ಬೆನ್ನಿಗೆ ಬಂದು ಕೆಲವು ನಿಮಿಷ ಡಿಶ್ಶಿನ ಕಣ್ಣು ಕುಕ್ಕುತ್ತಾನೆ, ದನಿ ಬರೀ ಗೊರಗೊರ. ನಮ್ಮಲ್ಲಿ ಉಪಗ್ರಹಕ್ಕೆ ಕೊಡುವಷ್ಟು ಹಣವಿರಲಿಲ್ಲ. ನೇರ ಪ್ರಸಾರದವರಿಗೆ ಇಂಟರ್‌ನೆಟ್ ಸ್ಟ್ರೀಮು, ಉಳಿದವರಿಗೆ ಧ್ವನಿಮುದ್ರಿಸಿ ಕತ್ತರಿಸಿದ ಫೈಲುಗಳು.

ನನ್ನಿಂದಾದ ದೊಡ್ಡ ತಪ್ಪು ಈ ನೇರ ಪ್ರಸಾರದಲ್ಲೇ ಆದದ್ದು. 2015ರ ಮಾರ್ಚ್. ಅಮೆರಿಕದಲ್ಲಿ ಆ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಅರಿಜೋನಾ ರಾಜ್ಯದ ಬಹುಭಾಗ ತಿರುಗಿಸುವುದಿಲ್ಲ. ಚಳಿಗಾಲದಲ್ಲಿ ನಮ್ಮ ಹತ್ತು ಗಂಟೆ ಅಲ್ಲಿಗೆ ಒಂಬತ್ತು. ಗಡಿಯಾರ ಬದಲಾದ ಮೇಲೆ ಅದೇ ಹತ್ತು ಅಲ್ಲಿಗೆ ಎಂಟು. ಅಲ್ಲಿನ ಸ್ಟೇಷನ್ನಿಗೆ ಇದನ್ನು ಹೇಳಬೇಕಾದವಳು ನಾನು, ಹೇಳಲಿಲ್ಲ. ಆ ಶನಿವಾರ ಅವರ ಕಂಪ್ಯೂಟರ್ ಎಂದಿನಂತೆ ಒಂಬತ್ತಕ್ಕೆ ಸ್ಟ್ರೀಮು ತೆರೆದಾಗ ಇಲ್ಲಿ ಎರಡನೇ ಗಂಟೆ ನಡೆದಿತ್ತು. ಅಲ್ಲಿನ ಹತ್ತಕ್ಕೆ ನಾವು ಮುಗಿಸಿ ಎದ್ದೆವು. ಅಲ್ಲಿ ಹತ್ತರಿಂದ ಏನೂ ಇಲ್ಲ, ಬರೀ ಮೌನ. ಸ್ಟೇಷನ್ನಿನಲ್ಲಿ ಆ ಹೊತ್ತು ಯಾರೂ ಇರಲಿಲ್ಲ. ಪಿಡಿ ಮಗನ ಆಟ ನೋಡಲು ಮೈದಾನಕ್ಕೆ ಹೋಗಿದ್ದವರು ಕಾರಿನ ರೇಡಿಯೊ ಹಾಕಿದಾಗ ಗೊತ್ತಾಗಿ ಓಡಿದರು. ಇಪ್ಪತ್ತಮೂರು ನಿಮಿಷದ ಮೌನ. ಆಕಾಶವಾಣಿಯಲ್ಲಿ ಐದು ಸೆಕೆಂಡು ದನಿ ನಿಂತರೂ ಲಾಗ್ ಬುಕ್ಕಿನಲ್ಲಿ ವಿವರಣೆ ಬರೆಯಬೇಕಿತ್ತು. ಅಲ್ಲಿ ಕಲಿತವಳು ನಾನು. ಆತ ಫೋನಿನಲ್ಲಿ ಬೈಯಲಿಲ್ಲ. 'ನಮ್ಮ ಕೇಳುಗರು ಸ್ಟೇಷನ್ ಮುಚ್ಚಿತು ಅಂದುಕೊಂಡರಂತೆ' ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆವತ್ತೇ ಕ್ಷಮೆ ಕೇಳಿ ಬರೆದೆ. ಅವರಿಗಾಗಿಯೇ ಒಂದು ಗಂಟೆ ತಡವಾಗಿ ಹರಿಯುವ ಬೇರೆ ಸ್ಟ್ರೀಮು ಮಾಡಿಸಿದೆ. ಅಲ್ಲಿಂದ ಪ್ರತಿ ಫೆಬ್ರವರಿಯ ಕೊನೆಗೂ ಅಕ್ಟೋಬರ್ ಕೊನೆಗೂ ಎಲ್ಲ ಸ್ಟೇಷನ್ನಿಗೆ ನಾನೇ ಫೋನ್ ಮಾಡಿ ಅವರವರ ಊರಿನ ಗಂಟೆಯನ್ನು ಅವರ ಬಾಯಲ್ಲೇ ಹೇಳಿಸುತ್ತಿದ್ದೆ.

ಈಗ ದೊಡ್ಡ ಊರಿನ ಮಾತು. ಐವತ್ತು ಸ್ಟೇಷನ್ ದಾಟಿದಾಗ ನಾವು ಗೆದ್ದೆವೆಂದುಕೊಂಡಿದ್ದೆ. ಜಾಹೀರಾತು ಮಾರುವ ಮಧ್ಯವರ್ತಿ ನಕ್ಷೆ ನೋಡಿ ಕೇಳಿದ್ದು ಒಂದೇ: 'ಟಾಪ್ ಟೆನ್‌ನಲ್ಲಿ ಎಷ್ಟಿವೆ?' ಡಲ್ಲಾಸು ಒಂದೇ. ದೇಶವ್ಯಾಪಿ ಜಾಹೀರಾತುದಾರರು ಕೇಳುಗರ ತಲೆ ಎಣಿಸುತ್ತಾರೆ, ಸ್ಟೇಷನ್ ಎಣಿಸುವುದಿಲ್ಲ. ದೊಡ್ಡ ಊರುಗಳಲ್ಲಿ ರೇಟಿಂಗಿಗೆ ಕೆಲವರ ಮೈಮೇಲೆ ಪೇಜರಿನಂಥ ಒಂದು ಮೀಟರು ಇರುತ್ತಿತ್ತು, ಸಣ್ಣ ಊರುಗಳಲ್ಲಿ ಕೇಳಿದ್ದನ್ನು ಕಾಗದದ ಡೈರಿಯಲ್ಲಿ ಬರೆಯುತ್ತಿದ್ದರು. ಆಗಿನ ಲೆಕ್ಕದಲ್ಲಿ ಕಾಲು ಗಂಟೆಯೊಳಗೆ ಐದು ನಿಮಿಷ ಕೇಳಿದರೆ ಆ ಕಾಲು ಗಂಟೆ ಸ್ಟೇಷನ್ನಿನ ಖಾತೆಗೆ. ನಮ್ಮ ನಲವತ್ತು ಗೋಧಿ ಊರು, ಹತ್ತಿ ಊರು ಸೇರಿಸಿದರೂ ಷಿಕಾಗೊದ ಒಂದು ಬಡಾವಣೆಗೆ ಸಮನಾಗದು.

ದೊಡ್ಡ ಊರಿನ ಎಎಂ ಸ್ಟೇಷನ್ನುಗಳಲ್ಲಿ ವಾರಾಂತ್ಯ ಮಾರಾಟಕ್ಕಿರುತ್ತದೆ. ವೈದ್ಯರು, ವಿಟಮಿನ್ ಮಾರುವವರು, ಹೂಡಿಕೆ ಸಲಹೆಗಾರರು ಗಂಟೆಗಿಷ್ಟೆಂದು ಹಣ ಕೊಟ್ಟು ಮಾತಾಡುತ್ತಾರೆ. ನಮಗೂ ಅದೇ ದಾರಿ ತೋರಿಸಿದರು. ಭಾನುವಾರ ಬೆಳಗಿನ ಆರು ಗಂಟೆ, ಇಪ್ಪತ್ತಾರು ವಾರಕ್ಕೆ ಮುಂಗಡ. ನಾನು ಬೇಡವೆಂದೆ. 2004ರ ಮಾರ್ಚ್ 31ರಂದು ಶುರುವಾದ ಏರ್ ಅಮೆರಿಕಾ ಎಂಬ ಮಾತಿನ ನೆಟ್‌ವರ್ಕು ಷಿಕಾಗೊ, ಲಾಸ್ ಏಂಜಲೀಸುಗಳಲ್ಲಿ ಸಮಯವನ್ನು ಹಣ ಕೊಟ್ಟು ಹಿಡಿದಿತ್ತು. ಪಾವತಿಯ ಜಗಳದಲ್ಲಿ ತಿಂಗಳೊಳಗೇ ಎರಡೂ ಊರು ಕೈತಪ್ಪಿದವು, 2010ರ ಜನವರಿಗೆ ನೆಟ್‌ವರ್ಕೇ ನಿಂತಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಕೊಂಡ ಸಮಯಕ್ಕೆ ಪಿಡಿಯ ಅಭಿಮಾನ ಇರುವುದಿಲ್ಲ, ಹಣ ನಿಂತ ದಿನ ಸಮಯವೂ ನಿಲ್ಲುತ್ತದೆ ಎಂದು ವಾದಿಸಿದೆ. 1992ರಲ್ಲಿ ನ್ಯಾಶ್‌ವಿಲ್ಲಿನ ಒಂದೇ ಸ್ಟೇಷನ್ನಿನಿಂದ ಹೊರಟು, ದೊಡ್ಡ ನೆಟ್‌ವರ್ಕಿನ ಹಂಗಿಲ್ಲದೆ ಊರೂರು ಸೇರಿಸಿ ಬೆಳೆದ ಡೇವ್ ರ‍್ಯಾಮ್ಸಿಯವರ ಹಣಕಾಸಿನ ಕಾರ್ಯಕ್ರಮದ ಉದಾಹರಣೆ ಕೊಟ್ಟೆ. ಆದರೂ ಕಂಪನಿ ಹಣ ಕಟ್ಟಿತು. ಇಪ್ಪತ್ತಾರು ವಾರದಲ್ಲಿ ಆ ಮಹಾನಗರದಿಂದ ಬಂದ ಕರೆಗಳು ಹದಿನಾಲ್ಕು. ಒಕ್ಲಹೋಮದ ಹಿರಿಯರ ಊರಿನಲ್ಲಿ ನಾವು ಮರುದಿನ ಕೇಳಿಸುತ್ತಿದ್ದರಿಂದ ಅಲ್ಲಿಂದ ಕರೆ ಬರಲು ಸಾಧ್ಯವೇ ಇರಲಿಲ್ಲ, ಆದರೂ ಅಲ್ಲಿಂದ ಕಾಗದ ಬರುತ್ತಿದ್ದವು. ರೂಲ್ ಎಳೆದ ಹಾಳೆಯ ಮೇಲೆ, ಬಾಲ್‌ಪೆನ್ನಿನಲ್ಲಿ.

ಇನ್ನೊಂದು ಗೋಡೆ ಇತ್ತು, ಅದನ್ನು ನಾನು ಎಷ್ಟು ತಳ್ಳಿದರೂ ಅಲುಗಲಿಲ್ಲ. 1996ರವರೆಗೆ ಒಂದು ಕಂಪನಿ ದೇಶದಲ್ಲಿ ಒಟ್ಟು 40 ಸ್ಟೇಷನ್ನುಗಳನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು. ಆ ವರ್ಷದ ದೂರಸಂಪರ್ಕ ಕಾಯ್ದೆ ದೇಶದ ಲೆಕ್ಕದ ಮಿತಿಯನ್ನೇ ತೆಗೆಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಕಂಪನಿಯ ಕೈಯಲ್ಲಿ ಸುಮಾರು 1,200 ಸ್ಟೇಷನ್ನುಗಳಿದ್ದವು. ಲಿಂಬಾ ಕಾರ್ಯಕ್ರಮವನ್ನು ಹಂಚುತ್ತಿದ್ದ ಪ್ರೀಮಿಯರ್ ಕಂಪನಿ ಕೂಡ 1999ರಲ್ಲಿ ಅದರದಾಯಿತು. ಕಾರ್ಯಕ್ರಮ ಮಾಡುವವರೂ ಸ್ಟೇಷನ್ ಇಟ್ಟವರೂ ಒಂದೇ ಮನೆಯವರಾದರೆ ಹೊರಗಿನವರು ಬಾಗಿಲಲ್ಲೇ ನಿಲ್ಲಬೇಕು. 2021ರ ಫೆಬ್ರವರಿ 17ರಂದು ಲಿಂಬಾ ತೀರಿಕೊಂಡಾಗ ಇದು ಕಣ್ಣಿಗೆ ಕಟ್ಟಿತು. ಮಧ್ಯಾಹ್ನದ ಆ ಮೂರು ತಾಸಿಗೆ ವೆಸ್ಟ್‌ವುಡ್ ಒನ್ ಎಂಬ ಇನ್ನೊಂದು ನೆಟ್‌ವರ್ಕು ಮೇ 24ರಿಂದ ಡ್ಯಾನ್ ಬಾಂಜಿನೊ ಅವರನ್ನು ತಂದಿತು, ಪ್ರೀಮಿಯರ್ ಜೂನ್ 21ರಿಂದ ಕ್ಲೇ ಟ್ರಾವಿಸ್ ಮತ್ತು ಬಕ್ ಸೆಕ್ಸ್‌ಟನ್ ಜೋಡಿಯನ್ನು. ಯಾವ ಸ್ಟೇಷನ್ ಯಾರನ್ನು ಹಿಡಿಯುತ್ತದೆ ಎಂದು ಆ ಬೇಸಿಗೆಯಿಡೀ ಎಲ್ಲರದೂ ಅದೇ ಮಾತು. ಬಹುಪಾಲು ಉತ್ತರ ಸ್ಟೇಷನ್ನಿನ ಮಾಲೀಕರು ಯಾರೆಂದು ನೋಡಿದರೆ ತಿಳಿಯುತ್ತಿತ್ತು.

ನಮಗಂತೂ ಅದಕ್ಕೆ ಮುಂಚಿನ ವರ್ಷವೇ ಪೆಟ್ಟು ಬಿದ್ದಿತ್ತು. 2020ರ ಮೇ ತಿಂಗಳ ಒಂದು ಗುರುವಾರ, ಹನ್ನೊಂದು ಸ್ಟೇಷನ್ನುಗಳ ಒಡೆತನವಿದ್ದ ಒಂದು ಕಂಪನಿಯಿಂದ ಮೂರು ಸಾಲಿನ ಮೇಲ್ ಬಂತು. ಮುಂದಿನ ಶನಿವಾರದಿಂದ ನಮ್ಮ ಕಾರ್ಯಕ್ರಮ ಇಲ್ಲ. ಒಪ್ಪಂದದಲ್ಲಿ ತೊಂಬತ್ತು ದಿನದ ನೋಟಿಸು ಎಂದಿತ್ತು, ಆ ಸಂಕಟದ ಕಾಲದಲ್ಲಿ ಯಾರ ಜೊತೆ ಜಗಳಾಡುವುದು? ಆ ಹನ್ನೊಂದೂ ಊರಿನ ಪಿಡಿಗಳನ್ನು ನಾನು ಒಬ್ಬೊಬ್ಬರಾಗಿ ಒಪ್ಪಿಸಿದ್ದೆ. ಫೋನ್ ಮಾಡಿದರೆ ಅವರಲ್ಲಿ ಏಳು ಜನರಿಗೆ ಆ ಹೊತ್ತಿಗೆ ಕೆಲಸವೇ ಇರಲಿಲ್ಲ. ಅವರಿಗೆ ಸಮಾಧಾನ ಹೇಳಲು ಮಾಡಿದ ಫೋನು ಅದಾಯಿತು. ಎಪ್ಪತ್ತನಾಲ್ಕಿದ್ದದ್ದು ಅರವತ್ತಮೂರಾಯಿತು. ಅಮ್ಮ ಆ ಭಾನುವಾರ ಊರಿನ ಲೆಕ್ಕ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಉಳಿದೋರಿಗೆ ಸರಿಯಾಗಿ ಕಳ್ಸು ಮತ್ತೆ' ಎಂದಳು.

ಉಳಿದವರಿಗೆ ಸರಿಯಾಗಿ ಕಳಿಸುವುದೆಂದರೆ ಏನೆಂಬುದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಪ್ರತಿ ಸ್ಟೇಷನ್ನಿಗೆ ನಿರೂಪಕಿಯ ದನಿಯಲ್ಲಿ ಆ ಊರಿನ ಹೆಸರು ಹೇಳಿಸಿ ಹತ್ತು ಸೆಕೆಂಡಿನ ತುಣುಕು ಕಳಿಸಬೇಕು, ಉಚ್ಚಾರ ಆ ಊರಿನವರ ಬಾಯಲ್ಲಿರುವಂತೆಯೇ ಇರಬೇಕು. ಮೊದಲು ಪಿಡಿಗೆ ಫೋನ್ ಮಾಡಿ ಅವರ ಬಾಯಿಂದ ಹೇಳಿಸಿ ಕೇಳಿಕೊಳ್ಳುತ್ತಿದ್ದೆ. ಊರಿನ ಆಲಿಕಲ್ಲು ಮಳೆಯ ಸುದ್ದಿ ಗೊತ್ತಾದರೆ ಆ ವಾರ ಬೆಳೆ ವಿಮೆಯ ಒಂದು ಮಾತು ಸೇರಿಸಲು ನಿರೂಪಕಿಗೆ ಚೀಟಿ ಕೊಡುತ್ತಿದ್ದೆ. ನಮ್ಮ ಜಾಹೀರಾತು ಯಾವ ನಿಮಿಷಕ್ಕೆ ಹೋಯಿತೆಂಬ ಅಫಿಡವಿಟ್ಟು ಪ್ರತಿ ಸ್ಟೇಷನ್ನಿಂದ ಬಂದರೆ ಮಾತ್ರ ಜಾಹೀರಾತುದಾರ ದುಡ್ಡು ಕೊಡುವುದು. ಅದನ್ನು ಕಳಿಸದವರಿಗೆ ಜೋರು ಮಾಡುವ ಬದಲು ಅರ್ಧ ತುಂಬಿಸಿದ ನಮೂನೆ ಕಳಿಸುತ್ತಿದ್ದೆ, ವೇಳೆ ಬರೆದು ಸಹಿ ಹಾಕಿದರೆ ಆಯಿತು. ಒಂದು ಮಾರ್ಕೆಟ್ಟಿಗೆ ಒಂದೇ ಸ್ಟೇಷನ್ ಎಂಬ ಮಾತು ಕೊಟ್ಟ ಮೇಲೆ ಪಕ್ಕದ ದೊಡ್ಡ ಸ್ಟೇಷನ್ ಬಂದು ಕೇಳಿದರೂ ಸಣ್ಣವರನ್ನು ಬಿಡಲಿಲ್ಲ.

2021ರ ಸೆಪ್ಟೆಂಬರಿನಲ್ಲಿ ಒಕ್ಲಹೋಮದ ಹಿರಿಯರ ಫೋನು ಬಂತು. ಅಷ್ಟು ಹೊತ್ತಿಗೆ ಅವರಿಗೆ ಎಪ್ಪತ್ತರ ಹತ್ತಿರ. ಎಂಟು ವರ್ಷ ನಮ್ಮನ್ನು ಭಾನುವಾರ ಸಂಜೆಯ ಚೌಕದಲ್ಲೇ ಇಟ್ಟಿದ್ದರು. 'ಸ್ವಾಪ್ ಶಾಪನ್ನು ಒಂಬತ್ತಕ್ಕೆ ಎಳೆದಿದ್ದೇನೆ. ಒಂದು ತಿಂಗಳಿಂದ ಗಾಳಿಯಲ್ಲಿ ಹೇಳುತ್ತಿದ್ದೇನೆ, ಯಾರೂ ಬೈದಿಲ್ಲ. ಈ ಶನಿವಾರದಿಂದ ನಿಮ್ಮದು ಹತ್ತಕ್ಕೆ ನೇರ ಬರಲಿ' ಎಂದರು. ನನಗೆ ಗಂಟಲು ಕಟ್ಟಿತು. 'ಹಾಳೆಯಲ್ಲಿ ಪೆನ್ನಿನಲ್ಲಿ ಬರೆದಿರಾ?' ಎಂದು ಕೇಳಿದೆ. 'ಪೆನ್ನಿನಲ್ಲೇ' ಎಂದರು.

ಆ ಶನಿವಾರ ನಾನು ಸ್ಟುಡಿಯೊದಲ್ಲಿ, ಕರೆ ತೆಗೆಯುವ ಹುಡುಗನ ಹಿಂದೆ ನಿಂತಿದ್ದೆ. ಅವನ ಪರದೆಯ ಮೇಲೆ ಆರು ಸಾಲು. ಕರೆ ಬಂದ ಹಾಗೆ ಹೆಸರು, ಊರು, ಪ್ರಶ್ನೆಯ ಒಂದು ಸಾಲು ಟೈಪು ಮಾಡುತ್ತಾನೆ, ಒಳಗೆ ನಿರೂಪಕಿ ಅದನ್ನೇ ಓದುತ್ತಾರೆ. ಹತ್ತೂವರೆಯ ವಿರಾಮ ಕಳೆಯಿತು, ಆ ಊರಿನ ಕರೆಯಿಲ್ಲ. ಹನ್ನೊಂದರ ಸುದ್ದಿ ಮುಗಿಯಿತು. ಹನ್ನೊಂದು ಇಪ್ಪತ್ತಕ್ಕೆ ನಾಲ್ಕನೇ ಸಾಲು ಮಿಣುಕಿತು. ಹುಡುಗ ಕೇಳಿ ಕೇಳಿ ಟೈಪು ಮಾಡಿದ: ಹೆಂಗಸು, ಗಂಡ ಹೋಗಿ ಐದು ತಿಂಗಳು, ಅವರ ಹೆಸರಿನ ಟ್ರ್ಯಾಕ್ಟರು ಮಾರಬೇಕು, ತೆರಿಗೆ ಎಷ್ಟು. ಊರಿನ ಹೆಸರನ್ನು ಕಿವಿಗೆ ಬಿದ್ದಂತೆ ತಪ್ಪಾಗಿ ಬರೆದಿದ್ದ. ನಾನು ಬಗ್ಗಿ, ಅವನ ಕೀಬೋರ್ಡಿನಲ್ಲಿ ಎರಡು ಅಕ್ಷರ ಅಳಿಸಿ ಸರಿಯಾಗಿ ಬರೆದೆ. ನಿರೂಪಕಿ ತಲೆಯೆತ್ತಿ ಗಾಜಿನಾಚೆಯಿಂದ ನನ್ನನ್ನು ನೋಡಿ, ಆ ಊರಿನ ಹೆಸರನ್ನು ಅಲ್ಲಿಯವರು ಹೇಳುವ ಹಾಗೆಯೇ ಹೇಳಿ, ಕರೆ ತೆಗೆದುಕೊಂಡರು.